ಅಣೆಕಟ್ಟಿಲ್ಲದ ಅಘನಾಶಿನಿ: ನೀರೆಲ್ಲ ಸುಮ್ಮನೆ ಸಮುದ್ರಕ್ಕೆ ಹೋಗ್ತಿದೆಯಾ?

ಹಿರಿಯೂರು ಹುಡುಗ

ಎಲ್ಲರಿಗೂ ನಮಸ್ಕಾರ. ಜಗಳ ತೆಗೆಯೋಕೆ ಬಂದಿಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ನಮ್ಮದು ವಾಣಿವಿಲಾಸ ಸಾಗರದ ಅಚ್ಚುಕಟ್ಟು, ಹಳಬರ ಬಾಯಲ್ಲಿ ಮಾರಿಕಣಿವೆ. 1907ರಲ್ಲಿ ಕಟ್ಟಿ ಮುಗಿದ ಅಣೆ. 1933ರಲ್ಲಿ ಕೋಡಿ ಬಿತ್ತು, ಮತ್ತೆ ಕೋಡಿ ಬೀಳೋದನ್ನ ನೋಡೋಕೆ 2022ರ ತನಕ ಕಾಯಬೇಕಾಯ್ತು. ನಡುವೆ ಎರಡು ತಲೆಮಾರು ಬೋರ್‌ವೆಲ್ ಕೊರೆಸಿಯೇ ಸೋತಿದೆ.

ಈಗ ಉತ್ತರ ಕನ್ನಡದ ಅಘನಾಶಿನಿ ಹೊಳೆ ನೀರನ್ನ ಘಟ್ಟದ ಮೇಲೇ ಎತ್ತಿ, ನಮ್ಮ ಅಣೆ ತುಂಬಿಸೋ ವೇದಾವತಿಗೆ ಹರಿಸೋ ಪ್ರಸ್ತಾಪ ಓಡಾಡ್ತಿದೆ. ನಮ್ಮೂರ ಕಟ್ಟೆ ಮೇಲೆ ಎಲ್ಲರೂ ಹೇಳೋದು ಒಂದೇ ಮಾತು: "ಅಲ್ಲಿ ಒಂದು ಅಣೆಕಟ್ಟೂ ಇಲ್ಲ, ಮಳೆಗಾಲದಲ್ಲಿ ಬಿದ್ದ ನೀರೆಲ್ಲ ಸಮುದ್ರ ಸೇರಿ ಹಾಳಾಗುತ್ತೆ." ಆ ಕಡೆಯವರು ವಿರೋಧ ಮಾಡ್ತೀರಿ. "ನದಿ ನಮ್ಮ ತಾಯಿ" ಅಂತ ಭಾಷಣ ಮಾಡದೆ ಆ ನೀರು ಅಲ್ಲಿ ನಿಜವಾಗಿ ಏನು ಕೆಲಸ ಮಾಡುತ್ತೆ ಅಂತ ಯಾರಾದ್ರೂ ಬಿಡಿಸಿ ಹೇಳ್ತೀರಾ?

ತೋಟದಂಚು

ಕೇಳಿದ ರೀತಿ ಇಷ್ಟ ಆಯ್ತು ತಮ್ಮಾ. ಮೇಲಿನ ತುದಿಯಿಂದ ನಾನು ಶುರು ಮಾಡ್ತೆ, ಕೆಳಗಿನದ್ದನ್ನ ಕುಮಟೆಯವರು ಹೇಳ್ಲಿ.

ಶಿರಸಿ ಪೇಟೆಯಲ್ಲೇ ಶಂಕರಹೊಂಡ ಅಂತ ಇದ್ದು. ಹೊಳೆ ಹುಟ್ಟೋದು ಅಲ್ಲಿ ಅಂತ ಎಲ್ಲರೂ ತೋರಿಸ್ತಾರೆ. ಆದರೆ ಮಂಜುಗುಣಿ ಕಡೆಯಿಂದ ಬರೋ ಬಕುರಹೊಳೆಯೂ ಅಷ್ಟೇ ಮುಖ್ಯ. ಶಿರಸಿ ಕಡೆಯ ದೋಣಿಹಳ್ಳ, ಈ ಬಕುರಹೊಳೆ ಎರಡೂ ಮುತ್ತಳ್ಳಿ ಹತ್ತಿರ ಕೂಡಿದ ಮೇಲೆಯೇ ನಾವು ಅದನ್ನ ಅಘನಾಶಿನಿ ಅಂತ ಧೈರ್ಯವಾಗಿ ಕರೆಯೋದು. ಅಲ್ಲಿಂದ ಸಿದ್ದಾಪುರ ಸೀಮೆಗೆ ಇಳಿದು, ಹೆಗ್ಗರಣೆ ಹತ್ತಿರ ಉಂಚಳ್ಳಿಯಲ್ಲಿ ಧುಮುಕಿ, ಕಣಿವೆ ಹಿಡಿದು ಪಡುವಣಕ್ಕೆ ತಿರುಗಿ, ಕುಮಟಾ ತಾಲೂಕಿನ ದೀವಗಿ, ಮಿರ್ಜಾನ ದಾಟಿ ತದಡಿಯಲ್ಲಿ ಸಮುದ್ರ. ಗೋಕರ್ಣದ ದಕ್ಷಿಣಕ್ಕೆ ಇರೋದು ನಮ್ಮ ಹೊಳೆ, ಉತ್ತರಕ್ಕೆ ಇರೋದು ಗಂಗಾವಳಿ. ಟೀವಿಯವರು ಎರಡನ್ನೂ ಕಲಸಿ ಹೇಳ್ತಾರೆ.

ಈಗ ಅಳತೆ. ಒಟ್ಟು ಉದ್ದ ಸುಮಾರು 120 ಕಿ.ಮೀ. ಜಲಾನಯನ ಪ್ರದೇಶ 1,400 ಚದರ ಕಿ.ಮೀ.ಗೆ ತುಸು ಹೆಚ್ಚು. ಕಾವೇರಿಯದ್ದು 81,000 ಚದರ ಕಿ.ಮೀ. ದಾಟ್ತು. ನೀವು ಬಯಲುಸೀಮೆಯವರು "ನದಿ" ಅಂದಾಗ ಮನಸ್ಸಿಗೆ ತುಂಗಭದ್ರೆ ಬರ್ತು, ಅದೇ ಮೊದಲ ತೊಡಕು. ಜುಲೈಯಲ್ಲಿ ಉಂಚಳ್ಳಿ ನೋಡಿದವ "ಅಯ್ಯೋ ಎಷ್ಟು ನೀರು" ಅಂತಾನೆ. ಅವನೇ ಮೇ ತಿಂಗಳಲ್ಲಿ ನಮ್ಮ ತೋಟದ ಕೆಳಗೆ ಬಂದರೆ ಕಲ್ಲಿಂದ ಕಲ್ಲಿಗೆ ಹೆಜ್ಜೆ ಇಟ್ಟು ಚಪ್ಪಲಿ ನೆನೆಯದೇ ಆಚೆ ದಡಕ್ಕೆ ಹೋಗ್ತಾನೆ. ಶಿರಸಿ ಪೇಟೆಗೆ ಕುಡಿಯೋ ನೀರು ಬರೋದು ಇದೇ ಹೊಳೆಯ ಮಾರಿಗದ್ದೆಯಿಂದ. ಬೇಸಿಗೆ ಕೊನೆಯಲ್ಲಿ ಅಲ್ಲೇ ನೀರಿನ ಪರದಾಟ. ಕೆಳಗೆ ಕುಮಟಾ, ಹೊನ್ನಾವರ ಪೇಟೆಗಳಿಗೆ ಮರಾಕಲ್ ಯೋಜನೆಯ ನೀರು, ಅದೂ ಇದೇ ಹೊಳೆಯದ್ದು. ಹಂಗಾಗಿ "ಯಾರಿಗೂ ಬೇಡದ ನೀರು" ಅನ್ನೋ ಮಾತು ಮಳೆಗಾಲದ ನಾಲ್ಕು ತಿಂಗಳು ನೋಡಿ ಆಡಿದ್ದು.

ವಾರಾಂತ್ಯದ ಅಲೆಮಾರಿ

ಮಧ್ಯದಲ್ಲಿ ಬಂದೆ ಕ್ಷಮಿಸಿ. ಉಂಚಳ್ಳಿಗೆ ಯಾವಾಗ ಹೋದ್ರೆ ಒಳ್ಳೇದು? ಆಗಸ್ಟ್ ಓಕೆನಾ?

ತೋಟದಂಚು

ಆಗಸ್ಟಲ್ಲಿ ಮಂಜು ಬಿಟ್ಟರೆ ಬೇರೆ ಏನೂ ಕಾಣ್ತಿಲ್ಲೆ. ಶಬ್ದ ಕೇಳಿ ವಾಪಸ್ ಬರಬೇಕು. ಕೆಪ್ಪಜೋಗ ಅಂತ ಸುಮ್ಮನೆ ಕರೆದಿದ್ದಲ್ಲ. ಅಕ್ಟೋಬರ್, ನವೆಂಬರ್ ಸರಿ. 116 ಮೀಟರ್ ಎತ್ತರ. ಇಂಗ್ಲಿಷರ ಕಾಲದ ಕಲೆಕ್ಟರ್ ಲಷಿಂಗ್ಟನ್ 1845ರಲ್ಲಿ "ಕಂಡುಹಿಡಿದ" ಅಂತ ಅವನ ಹೆಸರನ್ನೂ ಇಟ್ಟಿದ್ದರು. ಊರಿನವರು ಅದಕ್ಕೂ ಮೊದಲು ಕಿವಿ ಮುಚ್ಚಿಕೊಂಡು ತಿರುಗ್ತಿದ್ದರು ಅನ್ನೋದು ಅವನಿಗೆ ಗೊತ್ತಾಗಲಿಲ್ಲೆ ಕಾಣ್ತು. ಜಿಗಣೆಗೆ ಉಪ್ಪು, ಸುಣ್ಣ ತಗಂಡು ಬನ್ನಿ. ಕಸ ವಾಪಸ್ ತಗಂಡು ಹೋಗಿ.

ಕಲ್ಲುಮಣ್ಣು

ಭೂವಿಜ್ಞಾನ ಓದಿದವ ನಾನು, ಊರು ಹೊನ್ನಾವರ. ಹಿರಿಯೂರಿನವರ ಪ್ರಶ್ನೆಗೆ ಉತ್ತರ ಸ್ವಲ್ಪ ಹಿಂದಿನಿಂದ ಶುರುವಾಗಬೇಕು, ಬಹಳ ಅಲ್ಲ, ಒಂಬತ್ತು ಕೋಟಿ ವರ್ಷ ಅಷ್ಟೇ :)

ಭಾರತದ ಪಡುವಣ ಅಂಚು ಮಡಗಾಸ್ಕರಿನಿಂದ ಸೀಳಿಕೊಂಡ ಕಾಲ ಅದು. ಹಾಗೆ ಸೀಳಿದ ಅಂಚು ಸವೆಯುತ್ತ ಸವೆಯುತ್ತ ಒಳನಾಡಿನ ಕಡೆ ಸರಿದದ್ದೇ ಇವತ್ತಿನ ಘಟ್ಟದ ಗೋಡೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ್ದು ಹಳೆಯ, ಸವೆದ, ಸುಮಾರು 500-600 ಮೀಟರ್ ಎತ್ತರದ ಪ್ರಸ್ಥಭೂಮಿ. ಅಲ್ಲಿ ಹೊಳೆ ಆತುರ ಇಲ್ಲದೆ, ಗದ್ದೆ ತೋಟಗಳ ನಡುವೆ ಸುತ್ತಿಕೊಂಡು ಹರಿಯುತ್ತೆ. ಉಂಚಳ್ಳಿ ಅಂದ್ರೆ ಆ ಹಳೆಯ ನೆಲ ಮುಗಿದು ಗೋಡೆ ಶುರುವಾಗುವ ಜಾಗ. ಜಲಪಾತದ ಕೆಳಗಿನ ಕಣಿವೆಯನ್ನು ದೊಡ್ಮನೆ ಘಟ್ಟದ ರಸ್ತೆಯಿಂದ ನೋಡಿ: ಕಡಿದಾದ ಕಣಿವೆ, ಎರಡೂ ಕಡೆ ದಟ್ಟ ಕಾಡು, ತಳದಲ್ಲಿ ಹೊಳೆ. ನೀರು ಗೋಡೆಯನ್ನು ಹಿಂದಕ್ಕೆ ಕೊರೆಯುತ್ತಲೇ ಇದೆ, ಆ ಕೆಲಸ ಇನ್ನೂ ಮುಗಿದಿಲ್ಲ.

ಉತ್ತರದಿಂದ ಚಂಡಿಕಾಹೊಳೆ ಬಂದು ಸೇರುತ್ತೆ. ಯಾಣದ ಕಪ್ಪು ಸುಣ್ಣಕಲ್ಲಿನ ಶಿಖರಗಳು ಇರೋದು ಆ ಹೊಳೆಯ ಸೀಮೆಯಲ್ಲಿ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90. ಸುಣ್ಣಕಲ್ಲನ್ನು ಮಳೆನೀರು ಕರಗಿಸಿ, ಉಳಿದದ್ದು ಹಾಗೆ ನಿಂತಿದೆ.

ಮುಖ್ಯವಾದ್ದು ಇನ್ನು ಬರುತ್ತೆ. ಹಿಮಯುಗದ ಉಚ್ಛ್ರಾಯದಲ್ಲಿ, ಸುಮಾರು 20,000 ವರ್ಷದ ಹಿಂದೆ, ಸಮುದ್ರ ಈಗಿನದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಆಗ ಅಘನಾಶಿನಿ ಇನ್ನೂ ಎಷ್ಟೋ ದೂರ ಹರಿದು ಹೋಗಿ ಸಮುದ್ರ ಸೇರುತ್ತಿತ್ತು, ತನ್ನ ಕಣಿವೆಯನ್ನು ಆಳವಾಗಿ ಕೊರೆದುಕೊಂಡಿತ್ತು. ಹಿಮ ಕರಗಿ ಸಮುದ್ರ ಏರಿದಾಗ ಆ ಕಣಿವೆಯ ಕೆಳಭಾಗ ಮುಳುಗಿತು. ಇವತ್ತು ಮಿರ್ಜಾನದಿಂದ ತದಡಿವರೆಗೆ ಕೆರೆಯಂತೆ ಅಗಲವಾಗಿ ಕಾಣೋದು ಆ ಮುಳುಗಿದ ಕಣಿವೆ. ಬಾಯಿ ಕಿರಿದು, ಹೊಟ್ಟೆ ಅಗಲ. ಘಟ್ಟದಿಂದ ಬಂದ ಮಣ್ಣು ಅಲ್ಲಿ ಕೂತು ಕೂತು ಕುರ್ವೆಗಳಾಗಿವೆ (ಹೊಳೆ ನಡುವಿನ ನಡುಗಡ್ಡೆಗೆ ನಮ್ಮ ಕಡೆ ಕುರ್ವೆ ಅನ್ನೋದು, ಐಗಳಕುರ್ವೆ, ಮಾಸೂರು ಕುರ್ವೆ). ಸಮುದ್ರದ ಉಬ್ಬರ ದಿನಕ್ಕೆ ಎರಡು ಸಲ ಒಳಗೆ ನುಗ್ಗಿ ಉಪ್ಪಿನಪಟ್ಟಣದವರೆಗೂ ಏರುತ್ತೆ.

ಅಂದ್ರೆ ಸಿಹಿನೀರು "ಸಮುದ್ರ ಸೇರೋದಕ್ಕೆ" ಮೊದಲು ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಉದ್ದದ ಒಂದು ಕಾರ್ಖಾನೆ ಇದೆ. ಅದರ ಕಚ್ಚಾ ಮಾಲು ಘಟ್ಟದ ನೀರು ಮತ್ತು ಮಣ್ಣು.

ಗಜನಿ ಅಕ್ಕೋರು

ಕಾರ್ಖಾನೆ ಅಂದ್ರಲ್ಲ, ಅದರ ಪಾಳಿ ಹೇಗೆ ನಡೀತದೆ ಅಂತ ನಾ ಹೇಳ್ತೆ. ನಾನು ಅಳಿವೆ (ಹೊಳೆ ನೀರು, ಸಮುದ್ರದ ನೀರು ಕೂಡೋ ಜಾಗ) ದಡದ ಶಾಲೆಯಲ್ಲಿ ಕಲಿಸೋಳು, ಮನೆಗೆ ಗಜನಿ ಗದ್ದೆ ಇದೆ.

ಗಜನಿ ಅಂದ್ರೆ ಉಬ್ಬರದ ನೀರು ಹತ್ತಿ ಇಳಿಯೋ ತಗ್ಗು ನೆಲ. ಸುತ್ತ ಮಣ್ಣಿನ ಒಡ್ಡು, ಅದರಲ್ಲಿ ಹಲಗೆ ಹಾಕಿ ತೆಗೆಯೋ ಬಾಗಿಲು. ಮಾಣಿಕಟ್ಟಾ, ಮಾಸೂರು, ಕಾಗಾಲ ಇಲ್ಲೆಲ್ಲ ಕಾಣಬಹುದು. ಬೇಸಿಗೆಯಲ್ಲಿ ಆ ನೆಲ ಪೂರ್ತಿ ಉಪ್ಪು, ಒಣಗಿದ ಕಡೆ ಬೆಳ್ಳಗೆ ಕೂತಿರ್ತದೆ. ನಾಲಿಗೆಗೆ ಇಟ್ಟರೆ ಉಗುಳಬೇಕು. ಜೂನ್ ಮಳೆ ಹೊಡೆದಾಗ ಇಳಿತದ ಹೊತ್ತಿಗೆ ಬಾಗಿಲು ತೆಗೆದು ಉಪ್ಪನ್ನ ಹೊಳೆಗೆ ಹರಿಸಿಬಿಡೋದು, ಉಬ್ಬರಕ್ಕೆ ಮುಚ್ಚೋದು. ಹೀಗೆ ತೊಳೆದು ತೊಳೆದು ನೆಲದ ಉಪ್ಪು ತಗ್ಗಿದ ಮೇಲೆ ಕಗ್ಗ ಭತ್ತ ಬಿತ್ತೋದು. ಮೊಳಕೆ ಬರಿಸಿದ ಬೀಜ ಚೆಲ್ತಾರೆ, ನಾಟಿ ಇಲ್ಲ, ಗೊಬ್ಬರ ಇಲ್ಲ, ಔಷಧಿ ಇಲ್ಲ. ಗೊಬ್ಬರ ಹೊಳೆ ತಂದು ಹಾಕ್ತದೆ, ಘಟ್ಟದ ದರಕು (ಉದುರಿದ ಒಣ ಎಲೆ) ಕೊಳೆತ ಮಣ್ಣು.

ಕಗ್ಗ ಆಳೆತ್ತರ ಬೆಳೀತದೆ. ನೆರೆ ಬಂದು ವಾರ, ಹತ್ತು ದಿನ ಮುಳುಗಿದ್ರೂ ಸಾಯೂದಿಲ್ಲ. ಕಾಳಿಗೆ ಉದ್ದದ ಮೀಸೆ, ಅಕ್ಕಿ ಕೆಂಪು. ಅಕ್ಟೋಬರ್, ನವೆಂಬರಿನಲ್ಲಿ ಬರೀ ತೆನೆ ಕೊಯ್ದು ಕಾಂಡ ನೀರಲ್ಲೇ ಬಿಡೋದು. ಬಾಗಿಲು ತೆಗೆದ ಮೇಲೆ ಉಪ್ಪುನೀರು ಒಳಗೆ ಬರ್ತದೆ, ಅದರೊಟ್ಟಿಗೆ ಸೀಗಡಿ ಮರಿ, ಮೀನು ಮರಿ, ಏಡಿ. ಕೊಳೆತ ಹುಲ್ಲು ಅವಕ್ಕೆ ಊಟ, ಅವು ಹಕ್ಕಿಗಳಿಗೆ ಊಟ, ಉಳಿದದ್ದು ನಮಗೆ. ಒಂದೇ ಗದ್ದೆ, ಆರು ತಿಂಗಳು ಭತ್ತ, ಆರು ತಿಂಗಳು ಮೀನು. ಕೇರಳದ ಪೊಕ್ಕಾಳಿ ಇದೇ ಕ್ರಮ.

ಈ ಪದ್ಧತಿಗೆ ದೊಡ್ಡ ಪೆಟ್ಟು ಕೊಟ್ಟದ್ದು ಅಣೆಕಟ್ಟಲ್ಲ, ಸೀಗಡಿ ಹುಚ್ಚು. ಎಂಬತ್ತು, ತೊಂಬತ್ತರ ದಶಕದಲ್ಲಿ ಗಜನಿಯನ್ನ ವರ್ಷವಿಡೀ ಉಪ್ಪುನೀರಿನ ಹೊಂಡ ಮಾಡಿದ್ರು. ಎರಡು ಮೂರು ವರ್ಷ ದುಡ್ಡು ಸುರೀತು, ಆಮೇಲೆ ಬಿಳಿಚುಕ್ಕೆ ರೋಗ ಬಂದು ಎಲ್ಲ ಸತ್ತವು. ಹೊಂಡ ಬಿಟ್ಟು ಹೋದ್ರು. ಒಡ್ಡು ನೋಡ್ಕೊಳ್ಳೋರು ಇಲ್ಲದೆ ಒಡೀತು. ಗಜನಿ ಅನ್ನೋದು ಒಬ್ಬನ ಗದ್ದೆ ಅಲ್ಲ ನೋಡಿ, ಒಡ್ಡು ಬಾಗಿಲು ಎಲ್ಲ ಊರಿಗೇ ಸೇರಿದ್ದು. ಒಬ್ಬ ಬಿಟ್ಟರೆ ಎಲ್ಲರೂ ಬಿಟ್ಟಹಾಗೆ. ಮಾಣಿಕಟ್ಟಾ ಕಡೆಯವರು ಒಟ್ಟಾಗಿ ಕಗ್ಗ ಉಳಿಸಿಕೊಂಡದ್ದು ಅದಕ್ಕೇ ದೊಡ್ಡ ವಿಷಯ.

ಹಿರಿಯೂರು ಹುಡುಗ

ಅಕ್ಕೋರೆ, ಇದು ನಂಗೆ ಹೊಸದು. ಥ್ಯಾಂಕ್ಸ್. ಆದ್ರೆ ನನ್ನ ಪ್ರಶ್ನೆ ಹಾಗೇ ಇದೆ. ನೀವೇ ಹೇಳಿದ್ರಿ ಜುಲೈಯಲ್ಲಿ ನೆರೆ ಬರುತ್ತೆ ಅಂತ. 2019ರಲ್ಲಿ ದೀವಗಿ ಕಡೆ ಮನೆಗಳೇ ಮುಳುಗಿದ ಫೋಟೋ ನೋಡಿದೀನಿ. ಆ ಹೆಚ್ಚಿನ ನೀರನ್ನ ಮಾತ್ರ, ಮಳೆಗಾಲದಲ್ಲಿ ಮಾತ್ರ ತಗೊಂಡ್ರೆ ನಿಮಗೂ ಒಳ್ಳೇದಲ್ವಾ? ಬೇಸಿಗೆ ನೀರು ಮುಟ್ಟಲ್ಲ ಅಂತಿಟ್ಕೊಳ್ಳಿ.

ದೋಣಿಮನೆ

ಇದಕ್ಕೆ ಉತ್ತರ ನಮ್ಮ ಪಕ್ಕದ ಹೊಳೆಯಲ್ಲಿ ಇದೆ ಸ್ವಾಮಿ. ನಾನು ಅಂಬಿಗರ ಮನೆಯವ, ಈಗ ಕುವೈತಿನಲ್ಲಿ ಕೆಲಸ, ರಜೆಗೆ ಬಂದ್ರೆ ಹೊಳೆಯಲ್ಲೇ ಇರ್ತೆ.

ಕುಮಟೆ ಅಳಿವೆಯಿಂದ ದಕ್ಷಿಣಕ್ಕೆ ಬಸ್ಸಲ್ಲಿ ಒಂದು ತಾಸೂ ಬೇಡ, ಹೊನ್ನಾವರ. ಅಲ್ಲಿ ಶರಾವತಿ. ಅದೇ ಘಟ್ಟ, ಅದೇ ಮಳೆ, ಅದೇ ಸಮುದ್ರ. ವ್ಯತ್ಯಾಸ ಒಂದೇ: ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆಯಲ್ಲಿ ಇನ್ನೊಂದು. ಅಣೆಕಟ್ಟು ಕಟ್ಟಿದ್ರೆ ಕೆಳಗೆ ನೀರು ಕಮ್ಮಿ ಆಗ್ತದೆ ಅಂತ ಎಲ್ಲರೂ ಎಣಿಸೋದು. ಶರಾವತಿ ಅಳಿವೆಯಲ್ಲಿ ಆದದ್ದು ಉಲ್ಟಾ. ಕರೆಂಟು ತೆಗೆಯೋಕೆ ವರ್ಷವಿಡೀ ನೀರು ಬಿಡ್ತಾರೆ. ಬೇಸಿಗೆಯಲ್ಲಿ ಉಪ್ಪಾಗಬೇಕಾದ ಅಳಿವೆ ಬೇಸಿಗೆಯಲ್ಲೂ ಸಪ್ಪೆ. ಉಪ್ಪು ಬೇಕಾದ ಬೆಳಚು (ಮರಳಲ್ಲಿ ಹುದುಗಿರೋ, ತಿನ್ನೋ ಚಿಪ್ಪಿನ ಜೀವಿ), ಉಪ್ಪು ಬೇಕಾದ ಮೀನು ಅಲ್ಲಿ ನಿಲ್ಲೂದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು ಈ ಎರಡು ಅಳಿವೆಗಳನ್ನ ಹೋಲಿಸಿ ಬರೆದಿದ್ದಾರೆ, ಆದರೆ ಹೊನ್ನಾವರದ ಮುದುಕಿಯರಿಗೆ ಅದು ವರದಿ ಬರೋಕ್ಕಿಂತ ಮೊದಲೇ ಗೊತ್ತಿತ್ತು. ಬುಟ್ಟಿ ಖಾಲಿ ಆದದ್ದು ಅವರದ್ದೇ.

ನಮ್ಮ ಅಳಿವೆಯಲ್ಲಿ ಬೆಳಚು ಹೇಗೆ ಅಂದ್ರೆ, ಉಪ್ಪಿನ ಲೆಕ್ಕದ ಮೇಲೆ ಜಾಗ ಹಂಚಿಕೊಂಡಿವೆ. ಮೇಲೆ, ಸಿಹಿ ಹೆಚ್ಚಿರೋ ಕಡೆ ಕಪ್ಪು ಚಿಪ್ಪಿನದ್ದು. ನಡುವೆ ಇನ್ನೊಂದು ಜಾತಿ, ನುಣ್ಣಗೆ ಇರೋದು. ಬಾಯಿ ಹತ್ತಿರ, ಉಪ್ಪು ಜಾಸ್ತಿ ಇರೋ ಮರಳಲ್ಲಿ ಗೆರೆ ಗೆರೆ ಇರೋ ದೊಡ್ಡದು, ರೇಟು ಬರೋದು ಅದಕ್ಕೆ. ಮಳೆಗಾಲದಲ್ಲಿ ಇಡೀ ಅಳಿವೆ ಸಿಹಿ ಆದಾಗ ಬಾಯಿ ಹತ್ತಿರದ್ದು ಬಹಳ ಸಾಯ್ತದೆ. ಮಳೆ ನಿಂತು ಉಪ್ಪು ಏರಿದ ಮೇಲೆ ಹೊಸ ಮರಿ ಮರಳಿಗೆ ಇಳೀತದೆ. ಸಿಹಿಯೂ ಬೇಕು, ಉಪ್ಪೂ ಬೇಕು, ಸರಿಯಾದ ತಿಂಗಳಲ್ಲಿ ಬೇಕು.

ಇಳಿತಕ್ಕೆ ನೀರು ಮೊಣಕಾಲಿಗೆ ಬಂದಾಗ ಹೆಂಗಸರು ಸಾಲಾಗಿ ಇಳೀತಾರೆ. ಕಾಲಿನ ಬೆರಳಲ್ಲಿ ಮರಳು ಕೆದಕಿ, ಗಟ್ಟಿ ಸಿಕ್ಕಿದ್ರೆ ಬಗ್ಗಿ ತೆಗೆದು ಸೊಂಟದ ಬುಟ್ಟಿಗೆ. ಸಣ್ಣದು ಸಿಕ್ಕಿದ್ರೆ ನೋಡದೇ ವಾಪಸ್ ಹಾಕ್ತಾರೆ, ಬೆರಳಿಗೇ ಅಳತೆ ಗೊತ್ತು. ಗಂಡಸರು ಆಳದಲ್ಲಿ ಮುಳುಗಿ ತೆಗೆಯೋದು. 2008ರ ಸುಮಾರಿನ ಅಧ್ಯಯನದಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಬೆಳಚು, ಚಿಪ್ಪಿ ಈ ಒಂದು ಅಳಿವೆಯಿಂದ ಬರ್ತದೆ, ಎರಡು ಸಾವಿರಕ್ಕೂ ಹೆಚ್ಚು ಜನಕ್ಕೆ ಅದರಲ್ಲಿ ಕೆಲಸ ಅಂತ ಲೆಕ್ಕ ಹಾಕಿದ್ರು. ಬಿತ್ತನೆ ಇಲ್ಲ, ಮೇವು ಇಲ್ಲ, ಬ್ಯಾಂಕ್ ಸಾಲ ಇಲ್ಲ. ಈಗ ಅಷ್ಟು ಸಿಕ್ಕೂದಿಲ್ಲ ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ತಳದ ಹಳೇ ಚಿಪ್ಪನ್ನ ಸುಣ್ಣಕ್ಕೆ ಅಂತ ಯಂತ್ರ ಹಾಕಿ ತೋಡಿದ್ರು, ಮರಳು ತೆಗೆದ್ರು, ಎಳೇದನ್ನೂ ಬಿಡದೇ ಲಾರಿಗೆ ತುಂಬಿದ್ರು. ಅದರಲ್ಲಿ ನಮ್ಮವರ ಆಸೆಯೂ ಇದೆ, ಸುಳ್ಳು ಯಾಕೆ ಹೇಳೋದು.

ಕಲ್ಲುಮಣ್ಣು

ದೋಣಿಮನೆಯವರ ಮಾತಿಗೆ ಒಂದು ಸೇರ್ಪಡೆ. "ಮಳೆಗಾಲದ ಹೆಚ್ಚುವರಿ ಮಾತ್ರ" ಅನ್ನೋ ವಾದ ಕಾಗದದ ಮೇಲೆ ಚೆನ್ನಾಗಿದೆ. ಆದರೆ ನೆರೆ ಮಾಡೋ ಕೆಲಸವನ್ನ ಸಾಮಾನ್ಯ ಹರಿವು ಮಾಡೋಕಾಗಲ್ಲ. ಮರಳು, ಹೂಳು ಚಲಿಸೋದು ನೆರೆಯ ಕೆಲವು ದಿನಗಳಲ್ಲೇ. ಅಳಿವೆಯ ಬಾಯಲ್ಲಿ ಸಮುದ್ರ ಬೇಸಿಗೆಯಿಡೀ ಮರಳು ಗುಡ್ಡೆ ಹಾಕಿರುತ್ತೆ, ಅದನ್ನ ಗುಡಿಸಿ ಹೊರಗೆ ಹಾಕೋದು ಮಳೆಗಾಲದ ಹೊಳೆ. ಆ ಶಕ್ತಿ ಕಮ್ಮಿ ಆದರೆ ಬಾಯಿ ಕಟ್ಟಿಕೊಳ್ಳುತ್ತೆ. ಬಾಯಿ ಕಟ್ಟಿದ ಅಳಿವೆಗೆ ನೆರೆ ಬಂದರೆ ನೀರು ಊರಿಗೆ ನುಗ್ಗುತ್ತೆ. ಅಂದರೆ ನೆರೆ ತಪ್ಪಿಸೋಕೆ ಮಾಡಿದ್ದೇ ನೆರೆಗೆ ದಾರಿ ಆಗಬಹುದು.

ಇನ್ನೊಂದು: ಮಳೆಗಾಲದ ನೀರನ್ನ ಹಿಡಿಯೋಕೆ ಎಲ್ಲಾದರೂ ನಿಲ್ಲಿಸಲೇಬೇಕು. ಘಟ್ಟದ ಮೇಲೆ ನೀರು ನಿಲ್ಲೋ ತಗ್ಗು ಅಂದ್ರೆ ಒಂದೋ ಅಡಿಕೆ ತೋಟ, ಇಲ್ಲಾ ಕಾಡು. ಖಾಲಿ ತಗ್ಗು ಅಲ್ಲಿ ಯಾವುದೂ ಇಲ್ಲ.

ಕಾನುಕಪ್ಪೆ

ಕಾಡಿನ ಮಾತು ಬಂದಿದ್ದಕ್ಕೆ ನಾನೂ ಬರ್ತೀನಿ. ಕಾಡು ಅಂದ್ರೆ ಬರೀ ಮರ ಅಂದ್ಕೊಂಡ್ರೆ ಈ ಸೀಮೆ ಅರ್ಥ ಆಗಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ನಿಂತ ನೀರಲ್ಲಿ, ಕೆಸರಲ್ಲಿ ಬೆಳೆಯೋ ಜಾಯಿಕಾಯಿ ಕುಟುಂಬದ ಮರಗಳು. ಕೆಸರಲ್ಲಿ ಉಸಿರಾಡೋಕೆ ಆಗಲ್ಲ ಅಂತ ಬೇರು ನೆಲದಿಂದ ಮೇಲೆದ್ದು, ಮಡಚಿದ ಮೊಣಕಾಲಿನಂತೆ ಬಾಗಿ ಮತ್ತೆ ಒಳಗೆ ಹೋಗುತ್ತೆ. ಇನ್ನೊಂದು ಜಾತಿಗೆ ಕಾಂಡದಿಂದಲೇ ಆಸರೆ ಬೇರು. ಬಹಳ ಹಳೆಯ ಸಸ್ಯವರ್ಗ ಇದು, ಘಟ್ಟದ ಕೆಲವೇ ಮಡಿಕೆಗಳಲ್ಲಿ ಚೂರು ಚೂರಾಗಿ ಉಳಿದಿದೆ. 2000ದಲ್ಲಿ ಅಲ್ಲೇ ಗೇರಿನ ಬಂಧುವಾದ ಒಂದು ಹೊಸ ಮರದ ಜಾತಿಯನ್ನು ವಿವರಿಸಿದರು, ಊರಿನ ಹೆಸರನ್ನೇ ಸೇರಿಸಿ: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಬೆರಳೆಣಿಕೆಯ ಜಡ್ಡಿಗಳಿಗಷ್ಟೇ ಅಂಟಿಕೊಂಡ ಮರದ ಗತಿ ಯೋಚಿಸಿ. ಕತ್ತಲೆಕಾನಿನ ಕೆಲವು ಹಳ್ಳ ಶರಾವತಿಗೆ ಹೋಗುತ್ತೆ ಅಂತ ಯಾರಾದ್ರೂ ತಕರಾರು ತೆಗೀಬಹುದು. ನಿಜ, ಆದರೆ ಕಾಡು ಎರಡೂ ಹೊಳೆಗಳ ನಡುವೆ ಒಂದೇ ಹಾಸು.

ಇಲ್ಲಿನ ಕುಂಬಾರ ಕಪ್ಪೆಯನ್ನು 2014ರಲ್ಲಿ ಹೊಸ ಜಾತಿ ಅಂತ ಗುರುತಿಸಿದ್ದು. ಗಂಡು ಕಪ್ಪೆ ಹಳ್ಳದ ಕೆಸರನ್ನ ಮುಂಗಾಲಲ್ಲಿ ಎತ್ತಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತೆ. ರಾತ್ರಿ, ಮಳೆಯಲ್ಲಿ, ಟಾರ್ಚ್ ಹಿಡಿದು ಕೂತವರಿಗೆ ಮಾತ್ರ ಕಾಣೋ ಕೆಲಸ. ಅದಕ್ಕೆ ಬೇಕಾದ್ದು ಬೊಗಸೆಯಷ್ಟು ಆಳದ ಹರಿಯೋ ನೀರು, ನೆರಳು, ಕೆಸರು. ದೊಡ್ಡ ಜಲಾಶಯದ ದಡ ಅದಕ್ಕೆ ಮರುಭೂಮಿ ಇದ್ದ ಹಾಗೆ.

ಸಿಂಗಳೀಕದ ಕತೆ ಎಲ್ಲರಿಗೂ ಗೊತ್ತು. ನೆಲಕ್ಕೆ ಇಳಿಯೋದು ಅಪರೂಪ, ಮರದಿಂದ ಮರಕ್ಕೆ ದಾರಿ ಬೇಕು. ಅದರ ಹಂಚಿಕೆಯ ಉತ್ತರ ತುದಿಯ ದೊಡ್ಡ ಸಂಖ್ಯೆ ಇರೋದು ಈ ಶಿರಸಿ-ಹೊನ್ನಾವರ ಕಾಡುಗಳಲ್ಲಿ. 2011ರಲ್ಲಿ ಸುಮಾರು 300 ಚದರ ಕಿ.ಮೀ. ಕಾಡನ್ನ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು, 2019ರಲ್ಲಿ ಅದನ್ನೂ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಆಯ್ತು.

ನಾಲ್ಕು ಮಾತು

ಎಲ್ಲ ಕೇಳೋಕೆ ಚಂದ. ಆದರೆ ಘಟ್ಟದ ಮೇಲಿನವರಿಗೆ ಒಂದು ಪ್ರಶ್ನೆ. ಅಣೆಕಟ್ಟು ಬೇಡ ಅಂತ ಮೆರವಣಿಗೆ ಬರ್ತೀರಿ, ಫೆಬ್ರವರಿ ಬಂದ ಕೂಡಲೇ ಹಳ್ಳಕ್ಕೆ ಪಂಪ್ ಇಳಿಸೋದು ಯಾರು? ಪೇಟೆಯ ಗಟಾರ ಎಲ್ಲಿಗೆ ಹೋಗುತ್ತೆ? ಅಡಿಕೆಯ ಕೊಳೆರೋಗಕ್ಕೆ ಅಂತ ಹೊಡೆಯೋ ಮೈಲುತುತ್ತ ಮಳೆಗೆ ತೊಳೆದು ಎಲ್ಲಿ ಸೇರುತ್ತೆ?

ತೋಟದಂಚು

ಕೇಳಬೇಕಾದ್ದೇ ಕೇಳಿದಿ. ಎಲ್ಲ ಹೊಳೆಗೇ. ನಮ್ಮ ಅಜ್ಜನ ಕಾಲದಲ್ಲಿ ತೋಟ ಕಣಿವೆಯ ತಳದಲ್ಲಿ ಮಾತ್ರ ಇತ್ತು, ಮೇಲಿನ ಗುಡ್ಡ ಸೊಪ್ಪಿನ ಬೆಟ್ಟ. ಬೆಟ್ಟದ ಸೊಪ್ಪು, ದರಕು ತೋಟಕ್ಕೆ, ಬೆಟ್ಟದಲ್ಲಿ ಇಂಗಿದ ನೀರು ಬೇಸಿಗೆಗೆ. ಈಗ ರೇಟು ನೋಡಿ ಗದ್ದೆಗೂ ಅಡಿಕೆ ಇಟ್ಟಾಯ್ತು, ಗುಡ್ಡದ ಓರೆಗೂ ಇಟ್ಟಾಯ್ತು. ಭತ್ತದ ಗದ್ದೆ ಮಳೆಗಾಲದಲ್ಲಿ ನೀರು ನಿಲ್ಲಿಸ್ತಿತ್ತು, ಅಡಿಕೆ ಬೇಸಿಗೆಯಲ್ಲಿ ನೀರು ಕೇಳ್ತು. ಲೆಕ್ಕ ತಲೆಕೆಳಗು. ಇದನ್ನ ಮುಚ್ಚಿಟ್ಟು ಹೊಳೆ ಉಳಿಸ್ತೆ ಅಂದರೆ ಹಿರಿಯೂರಿನವರು ನಗ್ತಾರೆ, ನಗಬೇಕೂ ಹೌದು.

ಹೊಳೆದಂಡೆಯ ಅಪ್ಪೆಮಿಡಿ ಮರಗಳೂ ನಮ್ಮ ಕೈಯಲ್ಲೇ ಹೋಗ್ತಾ ಇದ್ದು. 2009ರ ಹೊತ್ತಿಗೆ ಉತ್ತರ ಕನ್ನಡದ ಅಪ್ಪೆಮಿಡಿಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಬಂತು, ಉಪ್ಪಿನಕಾಯಿಯವರು ಮುಗಿಬಿದ್ದರು. ಮರ ಹತ್ತಿ ಒಂದೊಂದೇ ಮಿಡಿ ಕೊಯ್ಯೋ ಜನ ಇಲ್ಲೆ, ಟೊಂಗೆಯನ್ನೇ ಕಡಿದು ಕೆಳಗೆ ಹಾಕೋದು. ಒಂದೊಂದು ಮರಕ್ಕೂ ಒಂದೊಂದು ಪರಿಮಳ, ಜೀರಿಗೆ ವಾಸನೆಯದ್ದು, ಕರ್ಪೂರ ವಾಸನೆಯದ್ದು. ಆ ಮರ ಹೋದರೆ ಆ ಪರಿಮಳ ಹೋತು. ಕಸಿ ಕಟ್ಟಿ ಉಳಿಸಿದವರು ಕೆಲವರು ಇದ್ದಾರೆ, ಪುಣ್ಯ.

ವಾರಾಂತ್ಯದ ಅಲೆಮಾರಿ

ಅಳಿವೆಗೆ ರಾಮ್ಸರ್ (ಜೌಗು ನೆಲಗಳನ್ನ ಉಳಿಸೋ ಅಂತರರಾಷ್ಟ್ರೀಯ ಒಪ್ಪಂದ) ಮಾನ್ಯತೆ ಸಿಕ್ಕಿದೆ ಅಲ್ವಾ? ಇನ್ಮೇಲೆ ಯಾರೂ ಮುಟ್ಟೋ ಹಾಗಿಲ್ಲ ಅಂದ್ಕೊಂಡಿದ್ದೆ.

ಗಜನಿ ಅಕ್ಕೋರು

ಸಿಕ್ಕಿದೆ, 2024ರ ಜನವರಿ ಕೊನೆಗೆ ಘೋಷಣೆ ಆಯ್ತು. 4,801 ಹೆಕ್ಟೇರ್. ಅದೇ ಸಲ ಅಂಕಸಮುದ್ರ, ಮಾಗಡಿ ಕೆರೆ ಕೂಡ ಪಟ್ಟಿಗೆ ಸೇರಿದವು, ಅದಕ್ಕೂ ಮೊದಲು ನಮ್ಮ ರಾಜ್ಯದಿಂದ ರಂಗನತಿಟ್ಟು ಒಂದೇ ಇತ್ತು. ಆಗ ಊರಲ್ಲಿ ಇನ್ನೊಂದು ಹೆದರಿಕೆ ಹಬ್ಬಿತ್ತು, ಇನ್ನು ಬೆಳಚು ತೆಗೆಯೋಕೂ ಬಿಡೂದಿಲ್ಲ ಅಂತ. ಹಾಗಲ್ಲ. ಜನ ಬಳಸುತ್ತಲೇ ಉಳಿಸಿಕೊಳ್ಳೋ ಜಾಗ ಅನ್ನೋದೇ ಆ ಒಪ್ಪಂದದ ಅರ್ಥ. ಮೀನು ಹಿಡಿಯೋಕೆ, ಕಗ್ಗ ಬೆಳೆಯೋಕೆ, ಸಾಣಿಕಟ್ಟೆಯ ಉಪ್ಪಿನಾಗರಕ್ಕೆ ಅಡ್ಡಿ ಇಲ್ಲ.

ಆದರೆ ಅದು ಕೋಟೆ ಗೋಡೆಯೂ ಅಲ್ಲ. ರಾಮ್ಸರ್ ಗೆರೆ ಅಳಿವೆಯ ಸುತ್ತ ಎಳೆದದ್ದು, ನೀರು ಬರೋದು ಗೆರೆಯ ಹೊರಗಿನಿಂದ. ಈ ದಡಕ್ಕೆ ನಾವು ಕಂಡದ್ದು ಕಮ್ಮಿಯೇ? ಬಂದರು ಅಂದ್ರು, ದೋಣಿ ಮೇಲಿನ ವಿದ್ಯುತ್ ಸ್ಥಾವರ ಅಂದ್ರು, 2006ರ ಸುಮಾರಿಗೆ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಅಂದ್ರು. ಒಂದೊಂದಕ್ಕೂ ಊರೂರೇ ಎದ್ದು ನಿಂತಿತು. ಯಾವುದೂ ಆಗಲಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೆಟ್ಟು ಬೆಳೆಸಿದ್ದು ಮಾತ್ರ ಆಯ್ತು, ಒಡ್ಡುಗಳ ಬದಿಗೆ ಈಗ ಚೆನ್ನಾಗಿ ಎದ್ದಿದೆ. ಎಲ್ಲಾ ಕಡೆ ನೆಟ್ಟದ್ದೂ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಬೆಳಚಿನ ಮರಳು ದಿಬ್ಬದ ಮೇಲೆ ಕಾಂಡ್ಲಾ ನೆಟ್ಟರೆ ಕೆಸರು ಕೂತು ಬೆಳಚು ಹೋಗ್ತದೆ. ಹೆಂಗಸರನ್ನ ಕೇಳಿ ನೆಟ್ಟಿದ್ರೆ ಹೇಳ್ತಿದ್ರು.

ದೋಣಿಮನೆ

ಇದಕ್ಕೆ ನೂರು ಸಲ ಹೌದು ಅಕ್ಕೋರೇ. ಚಳಿಗಾಲದಲ್ಲಿ ವಲಸೆ ಬರೋ ಉದ್ದ ಕೊಕ್ಕಿನ ಹಕ್ಕಿಗಳಿಗೂ ಬೇಕಾದ್ದು ಬೋಳು ಕೆಸರು ಬಯಲು, ಗಿಡ ಅಲ್ಲ.

ಹಿರಿಯೂರು ಹುಡುಗ

ಓದಿ ಮುಗಿಸೋ ಹೊತ್ತಿಗೆ ಮಧ್ಯರಾತ್ರಿ ಆಯ್ತು. ಶರಾವತಿಯ ಉದಾಹರಣೆ ನಂಗೆ ನಾಟಿತು. ನೀರು ಎಷ್ಟು ಅನ್ನೋದನ್ನ ಮಾತ್ರ ನಾವು ಕೇಳ್ತಿದ್ವಿ, ಯಾವಾಗ ಅನ್ನೋದನ್ನ ಕೇಳಿರ್ಲಿಲ್ಲ. ಹಾಗಂತ ನನ್ನ ಬೋರ್‌ವೆಲ್ ತುಂಬಲ್ಲ, ಅದೂ ನಿಜ. ನಮ್ಮ ಕೆರೆಗಳ ಹೂಳು, ನಮ್ಮಲ್ಲೂ ಅಡಿಕೆ ಏರ್ತಿರೋದು, ಇದರ ಬಗ್ಗೆ ಬೇರೆ ಚರ್ಚೆ ಶುರು ಮಾಡ್ತೀನಿ, ಅಲ್ಲಿಗೆ ತೋಟದಂಚಿನವರು ಬಂದು ನಮ್ಮನ್ನೂ ಹೀಗೇ ಕೆದಕಲಿ.

ಕೊನೇದೊಂದು: ನಮ್ಮ ಅಚ್ಚುಕಟ್ಟಿನಲ್ಲಿ ಒಂದೊಂದು ಕಡೆ ಮಣ್ಣು ಚೌಳಾಗಿದೆ, ಏನು ಹಾಕಿದ್ರೂ ಏಳಲ್ಲ. ಕಗ್ಗ ತಂದು ಹಾಕಿದ್ರೆ ಬರುತ್ತಾ ಅಕ್ಕೋರೆ?

ಗಜನಿ ಅಕ್ಕೋರು

ಬರೂದಿಲ್ಲ ಅಂತ್ಲೇ ನನ್ನ ಎಣಿಕೆ ತಮ್ಮಾ. ಕಗ್ಗ ಉಪ್ಪು ತಡೀತದೆ ಹೌದು, ಆದರೆ ಬಿತ್ತೋ ಮೊದಲು ಆ ಉಪ್ಪನ್ನ ತೊಳೆಯೋದು ಮಳೆ. ನಮ್ಮಲ್ಲಿ ವರ್ಷಕ್ಕೆ 3,500 ಮಿ.ಮೀ. ಮಳೆ, ನಿಮ್ಮಲ್ಲಿ 600ರ ಆಸುಪಾಸು. ತೊಳೆದ ನೀರನ್ನ ಬಿಡೋಕೆ ಇಳಿತದ ಹೊಳೆ ಬೇರೆ ಬೇಕು. ಮತ್ತೆ ನಿಮ್ಮ ಚೌಳಿನ ಉಪ್ಪೇ ಬೇರೆ, ಸಮುದ್ರದ ಉಪ್ಪೇ ಬೇರೆ. ನಿಮ್ಮ ಕಡೆ ಕೃಷಿ ವಿಜ್ಞಾನ ಕೇಂದ್ರದವರಿಗೆ ಮಣ್ಣು ತೋರಿಸಿ ಜಿಪ್ಸಂ ವಿಷಯ ಕೇಳಿ, ಮೊದಲು ಬಸಿಗಾಲುವೆ ತೆಗೆಸಿ. ಆದರೂ ಆಸೆ ಇದ್ರೆ ಅಕ್ಟೋಬರ್ ಕೊನೆಗೆ, ಅಮಾವಾಸ್ಯೆ ಹತ್ತಿರ ನೋಡಿ ಬಾ. ಆಗ ಇಳಿತ ದೊಡ್ಡದಿರ್ತದೆ, ಬೆಳಚು ತೆಗೆಯೋದೂ ಕಾಣ್ತದೆ, ಕಗ್ಗದ ತೆನೆಯೂ ಕಾಣ್ತದೆ. ತದಡಿಯಿಂದ ಅಘನಾಶಿನಿ ಊರಿಗೆ ದಾಟೋ ದೋಣಿ ಹತ್ತು. ಒಂದು ಹಿಡಿ ಬೀಜ ಕೊಡಿಸ್ತೆ, ಬಕೆಟ್ಟಿನಲ್ಲಿ ಹಾಕಿ ನೋಡು.